ಯವನರ ರಂಗವೂ ಕನ್ನಡದ ನುಡಿಯೂ

ಕುಣಿಗಲಿನಿಂದ ಪಶ್ಚಿಮಾಭಿಮುಖವಾಗಿ ಹೊರಡುವ ಹೆದ್ದಾರಿಯು ತೋಂಟದ ಸಿದ್ಧಲಿಂಗಯತಿಗಳ ಗದ್ದುಗೆಯಿರುವ ಎಡೆಯೂರನ್ನು ಹಾದು, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಕಡೆಗೆ ಸಾಗುವುದು. ಆ ದಾರಿಗೆ ಅನತಿದೂರದಲ್ಲಿ ಅಮೃತೂರು. ಉತ್ತರದ ಕಡೆಗೆ ತುರುವೇಕೆರೆಯ ಸೀಮೆ, ಅದರಲ್ಲಿ ಸಂಪಿಗೆಯೆಂಬ ಗ್ರಾಮ. ಅದೇ ದಿಕ್ಕಿನಲ್ಲಿ ಗುಬ್ಬಿ. ರಾಗಿಯ ಹೊಲಗಳೂ ತೆಂಗಿನ ತೋಟಗಳೂ ಕೆರೆಗಳೂ ತುಂಬಿದ ಈ ಒಳನಾಡು ಸಮುದ್ರಕ್ಕೆ ದೂರ. ಪರದೇಶದ ಹಡಗುಗಳ ಸುದ್ದಿ ಇಲ್ಲಿಯ ಒಕ್ಕಲುಗಳಿಗೆ ಕಥೆಯಾಗಿಯೇ ಬಂದಿರಬೇಕು. ಆದರೂ 1884ನೆಯ ಇಸವಿಯಲ್ಲಿ ಈ ಚಿಕ್ಕ ಆವರಣದೊಳಗೆ ಎರಡು ಜನನಗಳಾದುವು. ಆ ವರ್ಷದ ಜನವರಿ 3ನೆಯ ದಿನ ಸಂಪಿಗೆಯಲ್ಲಿ, ಬೆಳ್ಳೂರಿನ ಮನೆತನಕ್ಕೆ ಸೇರಿದ ಶಿಶುವೊಂದು ಹುಟ್ಟಿತು. ಮುಂದೆ ‘ಶ್ರೀ’ ಎಂಬ ಕಾವ್ಯನಾಮದಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರೇ ಆ ಶಿಶು. ಅದೇ ವರ್ಷ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿತು; ಮುಂದೆ ವೀರಣ್ಣನವರ ಕೈಯಲ್ಲಿ ಅದು ದಕ್ಷಿಣ ದೇಶದಲ್ಲೆಲ್ಲ ಗುಬ್ಬಿ ಕಂಪೆನಿಯೆಂದು ಹೆಸರಾಯಿತು.

ಇವೆರಡೂ ನಾಟಕಕ್ಕೆ ಸಂಬಂಧಿಸಿದ ಜನನಗಳೇ. ಎರಡರಲ್ಲಿಯೂ ಹೊರದೇಶದ ಗಾಳಿ ಬೀಸಿತ್ತು. ಗುಬ್ಬಿ ಕಂಪೆನಿಯು ಬಣ್ಣದ ಪರದೆಗಳನ್ನೂ ಸಂಗೀತವನ್ನೂ ಹೊತ್ತು ಊರಿಂದೂರಿಗೆ ನಡೆಯಿತು. ಶ್ರೀಕಂಠಯ್ಯನವರು ಗ್ರಂಥಗಳ ನಡುವೆ ಕುಳಿತು, ಎರಡು ಸಾವಿರದ ನಾನೂರು ವರ್ಷಗಳ ಹಿಂದಿನ ಅಥೆನ್ಸ್ ನಗರದ ರಂಗವನ್ನು ಕನ್ನಡಕ್ಕೆ ಕರೆತಂದರು. ಒಂದು ದೇಶದ ಜನ ಮತ್ತೊಂದು ದೇಶದ ಕಲೆಯನ್ನು ತೆಗೆದುಕೊಳ್ಳುವಾಗ ನಿಜವಾಗಿ ತೆಗೆದುಕೊಳ್ಳುವುದೇನು? ವೇಷವನ್ನೇ, ಕಥೆಯನ್ನೇ, ಅಥವಾ ಅವೆರಡಕ್ಕಿಂತ ಒಳಗಿನದನ್ನೇ? ಗ್ರೀಕರ ರಂಗಕ್ಕೂ ಕನ್ನಡದ ನುಡಿಗೂ ನಡೆದ ಕೊಳುಕೊಡೆಯ ಚರಿತ್ರೆಯನ್ನು ನೋಡಿದರೆ ಈ ಪ್ರಶ್ನೆಗೆ ಒಂದು ಉತ್ತರ ದೊರೆಯುವುದು. ಆ ಚರಿತ್ರೆಯು ಶ್ರೀಕಂಠಯ್ಯನವರಿಂದ ಆರಂಭವಾಗುವುದಿಲ್ಲವೆಂಬುದೇ ಮೊದಲನೆಯ ಆಶ್ಚರ್ಯ. ಅವರಿಗಿಂತ ಸಾವಿರದ ಎಂಟುನೂರು ವರ್ಷಗಳ ಹಿಂದೆಯೇ ಗ್ರೀಕರ ರಂಗವು ನಮ್ಮ ಕರಾವಳಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿತ್ತು.

ಈಜಿಪ್ಟ್ ದೇಶದಲ್ಲಿ ಕೈರೋ ನಗರದಿಂದ ದಕ್ಷಿಣಕ್ಕೆ, ನೈಲ್ ನದಿಯ ಪಶ್ಚಿಮದಲ್ಲಿ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಹಾಳು ಇದೆ. ಗ್ರೀಕರೂ ಬಳಿಕ ರೋಮನರೂ ಆಳಿದ ಕಾಲದಲ್ಲಿ ಆ ಪಟ್ಟಣದ ಜನ ಬೇಡವಾದ ಕಾಗದಪತ್ರಗಳನ್ನು ಊರ ಹೊರಗಿನ ತಿಪ್ಪೆಗಳಿಗೆ ಎಸೆಯುತ್ತಿದ್ದರು. ಮಳೆಯಿಲ್ಲದ ನಾಡಾದುದರಿಂದ ಆ ಪಪೈರಸ್ ಹಾಳೆಗಳು ಕೊಳೆಯದೆ ಉಳಿದುವು. ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು 1896ನೆಯ ಇಸವಿಯಿಂದ ಅಲ್ಲಿ ಅಗೆತವನ್ನು ನಡೆಸಿ, ಸಿಕ್ಕಿದ ಹಾಳೆಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸಿದರು. 1903ರಲ್ಲಿ ಹೊರಟ ಮೂರನೆಯ ಸಂಪುಟದಲ್ಲಿ 413ನೆಯ ಸಂಖ್ಯೆಯ ಹಾಳೆಯೊಂದುಂಟು. ಅದು ಕ್ರಿಸ್ತಶಕ ಎರಡನೆಯ ಶತಮಾನದ ಬರವಣಿಗೆ. ಅದರಲ್ಲಿರುವುದು ಒಂದು ಗ್ರೀಕ್ ಪ್ರಹಸನ.

ಅದರ ಕಥೆ ಇಷ್ಟು. ಖಾರಿಟಿಯಾನ್ ಎಂಬ ಗ್ರೀಕ್ ಕನ್ಯೆಯು ಹಿಂದೂ ಮಹಾಸಾಗರದ ತೀರದ ಒಂದು ರಾಜ್ಯದಲ್ಲಿ ಸೆರೆಸಿಕ್ಕಿ, ಚಂದ್ರದೇವತೆಯ ಗುಡಿಯಲ್ಲಿ ಇರಿಸಲ್ಪಟ್ಟಿದ್ದಾಳೆ. ಆ ದೇಶದ ಅರಸನು ಅವಳನ್ನು ಬಲಿಕೊಡಬೇಕೆಂದಿರುತ್ತಾನೆ. ಅವಳ ಅಣ್ಣನು ತನ್ನ ಸಂಗಡಿಗರೊಡನೆ ಹಡಗಿನಲ್ಲಿ ಬರುತ್ತಾನೆ. ಅವರ ಜೊತೆಯಲ್ಲಿ ಒಬ್ಬ ವಿದೂಷಕನೂ ಇದ್ದಾನೆ. ಇವರು ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರಸದ ದ್ರಾಕ್ಷಾಮದ್ಯವನ್ನು ಕುಡಿಸಿ ಮೈಮರೆಸುತ್ತಾರೆ, ಅರಸನನ್ನು ಕಟ್ಟಿಹಾಕುತ್ತಾರೆ, ಕನ್ಯೆಯೊಡನೆ ಹಡಗನ್ನೇರಿ ಪಾರಾಗುತ್ತಾರೆ. ಎಲ್ಲೆಲ್ಲಿ ಮದ್ದಲೆಯನ್ನು ಬಾರಿಸಬೇಕೆಂಬುದಕ್ಕೆ ಹಾಳೆಯಲ್ಲಿ ಗುರುತುಗಳುಂಟು. ಆದುದರಿಂದ ಇದು ಓದಿಗಾಗಿ ಬರೆದ ಗ್ರಂಥವಲ್ಲ, ಆಡುವವರು ಕೈಯಲ್ಲಿ ಹಿಡಿದ ಪ್ರತಿಯೆಂಬುದು ಸ್ಪಷ್ಟ. ಯೂರಿಪಿಡೀಸ್ ಕವಿಯ ಒಂದು ಗಂಭೀರ ನಾಟಕದಲ್ಲಿ, ದೂರದೇಶದ ಗುಡಿಯಲ್ಲಿದ್ದ ಇಫಿಜೀನಿಯಳನ್ನು ಅವಳ ತಮ್ಮನು ಬಿಡಿಸಿಕೊಂಡು ಹೋಗುವ ಕಥೆಯುಂಟು. ಈ ಪ್ರಹಸನವು ಆ ಕಥೆಯನ್ನೇ ಹಾಸ್ಯಕ್ಕೆ ತಿರುಗಿಸಿದಂತಿದೆ.

ಪ್ರಹಸನದಲ್ಲಿ ಆ ತೀರದ ಅರಸನೂ ಅವನ ಜನರೂ ತಮ್ಮ ಭಾಷೆಯಲ್ಲಿ ಮಾತನಾಡುತ್ತಾರೆ. ಆ ಮಾತುಗಳನ್ನು ಗ್ರೀಕ್ ಲಿಪಿಯಲ್ಲಿ ಬರೆದಿದೆ. ಅವು ಗ್ರೀಕ್ ಅಲ್ಲ. ಮದರಾಸಿನಲ್ಲಿ ಸರ್ಕಾರದ ಶಾಸನಶಾಸ್ತ್ರಜ್ಞರಾಗಿದ್ದ ಜರ್ಮನ್ ಪಂಡಿತ ಹುಲ್ಟ್‌ಷ್ ಎಂಬವರು 1904ರಲ್ಲಿ ಇವು ಕನ್ನಡವೆಂದು ವಾದಿಸಿದರು. ಕೊಂಚ, ಮಧು, ಪಾತ್ರ ಎಂಬಂತಹ ಪದಗಳು ಅವರಿಗೆ ಅಲ್ಲಿ ಕೇಳಿಸಿದುವು. ಮದ್ಯವನ್ನು ಸುರಿದು ಕುಡಿಯುವ ಸಂದರ್ಭಕ್ಕೆ ಅವು ಹೊಂದಿಕೊಂಡುವು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳೂ, ಮಂಜೇಶ್ವರದ ಗೋವಿಂದ ಪೈಗಳೂ ಈ ವಿಚಾರದಲ್ಲಿ ಶ್ರಮಪಟ್ಟರು. ಪೈಗಳು ಆ ತೀರವನ್ನು ಉಡುಪಿಯ ಬಳಿಯ ಮಲ್ಪೆಯೆಂದು ಗುರುತಿಸಲು ಯತ್ನಿಸಿದರು. ಇತ್ತ ಲಂಡನ್ನಿನ ಬಾರ್ನೆಟ್ ಎಂಬ ಪಂಡಿತರು 1926ರಲ್ಲಿ ಈ ಓದನ್ನು ಒಪ್ಪದೆ ಲೇಖನ ಬರೆದರು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಪ್ರಸಿದ್ಧವಾದ ಹಲ್ಮಿಡಿಯ ಶಿಲಾಲೇಖವೇ ಸುಮಾರು ಕ್ರಿಸ್ತಶಕ 450ರದು. ಅದಕ್ಕೂ ಮುನ್ನೂರು ವರ್ಷಗಳ ಹಿಂದಿನ ಕನ್ನಡವು ಹೇಗಿತ್ತೆಂಬುದಕ್ಕೆ ಬೇರೆ ಆಧಾರವಿಲ್ಲದಿರುವಾಗ, ಇಂದಿನ ಕನ್ನಡದ ಕಿವಿಯಿಂದ ಆ ಅಕ್ಷರಗಳನ್ನು ಓದುವುದು ಅಪಾಯಕರವೆಂಬ ಆಕ್ಷೇಪಕ್ಕೆ ಬಲವುಂಟು. ಕನ್ನಡವೆಂದು ಹೇಳುವವರೂ ಇದ್ದಾರೆ, ಅರ್ಥವಿಲ್ಲದ ಗದ್ದಲವೆಂದು ಹೇಳುವವರೂ ಇದ್ದಾರೆ, ವಿವಾದವು ಇತ್ಯರ್ಥವಾಗಿಲ್ಲ.

ಯವನರಿಗೂ ನಮ್ಮ ನಾಡಿಗೂ ವ್ಯಾಪಾರವಿದ್ದುದಂತೂ ನಿಶ್ಚಯ. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿಯು ಬನವಾಸಿಯ ಹೆಸರನ್ನು ಬರೆದಿರುವನು. ತುಮಕೂರು ಜಿಲ್ಲೆಯ ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಟೈಬೀರಿಯಸ್ ಚಕ್ರವರ್ತಿಯ ಮುದ್ರೆಯ ನಾಣ್ಯವೂ ಅವುಗಳಲ್ಲಿ ಒಂದು. ಕರಾವಳಿಗೆ ಬಂದ ಹಣವು ಘಟ್ಟವನ್ನು ಹತ್ತಿ ಒಳನಾಡಿನವರೆಗೆ ನಡೆಯಿತೆಂಬುದಕ್ಕೆ ಇದೇ ಸಾಕ್ಷಿ. ಹಣ ನಡೆದ ದಾರಿಯಲ್ಲಿ ಮಾತೂ ನಡೆದಿರಬಹುದು. ನಾವಿಕನೊಬ್ಬನು ನಮ್ಮ ರೇವಿನಲ್ಲಿ ಕೇಳಿದ ನಾಲ್ಕು ನುಡಿಗಳನ್ನು ಈಜಿಪ್ಟಿನ ಆಟದವರಿಗೆ ಹೇಳಿಕೊಟ್ಟಿರಬಹುದು. ಆದರೆ ಆ ನುಡಿಗಳು ಕನ್ನಡವಾಗಿದ್ದರೂ, ಅಲ್ಲದಿದ್ದರೂ, ಒಂದು ಮಾತು ಮಾತ್ರ ಬದಲಾಗದು: ಪ್ರಹಸನವನ್ನು ನೋಡುತ್ತಿದ್ದ ಸಭೆಗೆ ಅವು ನಗೆಯ ಸಾಮಗ್ರಿ. ಅರ್ಥವಾಗದ ಭಾಷೆಯನ್ನಾಡುವ ಅರಸ, ಕುಡಿದು ಕುಣಿಯುವ ಅರಸ, ಕಟ್ಟಿಸಿಕೊಂಡು ಬೀಳುವ ಅರಸ. ಅವನ ಊರೇನು, ಅವನ ಜನರ ಕಷ್ಟಸುಖವೇನು ಎಂದು ಆ ರಂಗವು ಕೇಳಲಿಲ್ಲ. ಸಮುದ್ರವನ್ನು ದಾಟಿ ಬಂದವರು ನಮ್ಮ ಧ್ವನಿಯನ್ನು ಕೊಂಡೊಯ್ದರು. ನಮ್ಮ ಮನಸ್ಸನ್ನು ಕೊಂಡೊಯ್ಯಲಿಲ್ಲ. ವಿನಿಮಯದಲ್ಲಿ ಇದು ಒಂದು ಬಗೆ.

ಇದಕ್ಕೆ ವಿರುದ್ಧವಾದ ಮತ್ತೊಂದು ಬಗೆಯನ್ನೂ ಗ್ರೀಕರೇ ತೋರಿಸಿದ್ದರು. ಅದೂ ಆರು ಶತಮಾನಗಳಷ್ಟು ಹಿಂದೆ. ಕ್ರಿಸ್ತಪೂರ್ವ 480ರಲ್ಲಿ ಪಾರಸಿಕ ದೇಶದ ಚಕ್ರವರ್ತಿ ಜರ್ಕ್ಸೀಸನು ಮಹಾಸೈನ್ಯದೊಡನೆ ಗ್ರೀಸಿನ ಮೇಲೆ ಬಂದು ಅಥೆನ್ಸ್ ನಗರವನ್ನು ಸುಟ್ಟನು. ಅದೇ ವರ್ಷ ಸಾಲಮಿಸ್ ದ್ವೀಪದ ಬಳಿ ಅವನ ನೌಕಾಬಲವು ನಾಶವಾಯಿತು. ಅದಾದ ಎಂಟು ವರ್ಷಗಳ ಮೇಲೆ, ಕ್ರಿಸ್ತಪೂರ್ವ 472ರಲ್ಲಿ, ಈಸ್ಕಿಲಸ್ ಕವಿಯು ಆ ಯುದ್ಧವನ್ನೇ ವಸ್ತುವಾಗಿಟ್ಟುಕೊಂಡು ನಾಟಕವನ್ನು ಆಡಿಸಿದನು. ಈಸ್ಕಿಲಸನು ಮನೆಯಲ್ಲಿ ಕುಳಿತು ಯುದ್ಧವರ್ಣನೆ ಮಾಡಿದ ಕವಿಯಲ್ಲ. ಕ್ರಿಸ್ತಪೂರ್ವ 490ರ ಮ್ಯಾರಥಾನಿನ ಕಾಳಗದಲ್ಲಿ ಅವನು ಪಾರಸಿಕರ ಎದುರಿಗೆ ನಿಂತು ಕಾದಿದ್ದನು. ಅವನ ಒಡಹುಟ್ಟಿದವನು ಅಲ್ಲಿಯೇ ಮಡಿದಿದ್ದನು. ನಾಟಕದ ವೆಚ್ಚವನ್ನು ಹೊತ್ತವನು ಆಗಿನ್ನೂ ತರುಣನಾಗಿದ್ದ ಪೆರಿಕ್ಲೀಸ್. ನೋಡುವುದಕ್ಕೆ ಕುಳಿತವರಲ್ಲಿ ಎಷ್ಟೋ ಜನ ಸಾಲಮಿಸಿನಲ್ಲಿ ಹುಟ್ಟುಹಾಕಿದವರು, ಸುಟ್ಟುಹೋದ ಮನೆಗಳನ್ನು ಮತ್ತೆ ಕಟ್ಟಿಕೊಂಡವರು.

ಅಂಥ ಸಭೆಯ ಮುಂದೆ ಈಸ್ಕಿಲಸನು ತೋರಿಸಿದುದು ಅಥೆನ್ಸಿನ ವಿಜಯೋತ್ಸವವನ್ನಲ್ಲ. ರಂಗವು ಶತ್ರುವಿನ ರಾಜಧಾನಿ ಸೂಸಾ. ಮೇಳದವರು ಆ ದೇಶದ ವೃದ್ಧ ಮಂತ್ರಿಗಳು. ಮಗನ ಸುದ್ದಿಗಾಗಿ ಕಾದು ಕುಳಿತ ರಾಜಮಾತೆ, ಸೋಲಿನ ವಾರ್ತೆಯನ್ನು ತಂದ ದೂತ, ಗೋರಿಯಿಂದೆದ್ದು ಬಂದು ಮಗನ ಉದ್ಧಟತನವನ್ನು ಹಳಿಯುವ ಡೇರಿಯಸ್ ದೊರೆಯ ಪ್ರೇತ, ಕೊನೆಗೆ ಹರಿದ ಉಡುಪಿನಲ್ಲಿ ಏಕಾಕಿಯಾಗಿ ಹಿಂದಿರುಗುವ ಜರ್ಕ್ಸೀಸ್, ಇವರೇ ಪಾತ್ರಗಳು. ಸತ್ತ ಪಾರಸಿಕ ದಳಪತಿಗಳ ಹೆಸರುಗಳನ್ನು ನಾಟಕವು ಸಾಲುಸಾಲಾಗಿ ಹೇಳುವುದು. ಗೆದ್ದ ಗ್ರೀಕ್ ಸೇನಾನಿಗಳಲ್ಲಿ ಒಬ್ಬನ ಹೆಸರನ್ನೂ ಹೇಳದು. ರಾಜಮಾತೆಯು ತಾನು ಕಂಡ ಕನಸನ್ನು ವರ್ಣಿಸುವ ಭಾಗವಂತೂ ಬಹು ಮುಖ್ಯವಾದುದು. ಇಬ್ಬರು ಸುಂದರಿಯರು, ಒಬ್ಬಳು ಪಾರಸಿಕ ಉಡುಪಿನವಳು, ಒಬ್ಬಳು ಗ್ರೀಕ್ ಉಡುಪಿನವಳು. ಒಂದೇ ಕುಲದ ಅಕ್ಕತಂಗಿಯರು. ಮಗನು ಅವರಿಬ್ಬರನ್ನೂ ತನ್ನ ರಥಕ್ಕೆ ಹೂಡುತ್ತಾನೆ. ಒಬ್ಬಳು ನೊಗಕ್ಕೆ ಬಗ್ಗುತ್ತಾಳೆ. ಮತ್ತೊಬ್ಬಳು ನೊಗವನ್ನು ಮುರಿಯುತ್ತಾಳೆ. ರಥದಿಂದ ಮಗನು ಬೀಳುತ್ತಾನೆ. ಊರನ್ನು ಸುಟ್ಟವರ ನಾಡನ್ನೂ ತನ್ನ ನಾಡನ್ನೂ ಸೋದರಿಯರೆಂದು ಕರೆಯಲು ಕವಿಗೆ ಸಾಧ್ಯವಾಯಿತು. ಅದನ್ನು ಕೇಳಿ ಬಹುಮಾನ ಕೊಡಲು ಆ ಪೌರರಿಗೂ ಸಾಧ್ಯವಾಯಿತು. ಆ ವರ್ಷ ಪ್ರಥಮ ಸ್ಥಾನವು ಈಸ್ಕಿಲಸನಿಗೇ ಸಂದಿತು.

ಪರಭಾಷೆಯ ಅರಸನನ್ನು ನೋಡಿ ನಗುವ ಪ್ರಹಸನ ಒಂದು. ಪರಭಾಷೆಯ ಅರಸನ ತಾಯಿಯೊಡನೆ ಅಳುವ ನಾಟಕ ಮತ್ತೊಂದು. ಗಡಿಯಾಚೆಯವರ ಕಡೆಗೆ ಕಲೆಯು ನಡೆಯಬಹುದಾದ ದಾರಿಗಳು ಮುಖ್ಯವಾಗಿ ಇವೆರಡೇ. ಕನ್ನಡಿಗರು ಮೊದಲನೆಯದರಲ್ಲಿ ನಗೆಗೆ ಗುರಿಯಾದರೋ ಇಲ್ಲವೋ ತಿಳಿಯದು; ಎರಡನೆಯದನ್ನು ಮಾತ್ರ ತಾವಾಗಿಯೇ ಬಯಸಿ ತಂದುಕೊಂಡರು.

ನಡುವಣ ಕಾಲದಲ್ಲಿ ಗ್ರೀಕರ ರಂಗದಿಂದ ನಮಗೆ ಬಂದುದೇನಾದರೂ ಉಂಟೇ ಎಂದು ವಿದ್ವಾಂಸರು ಹುಡುಕದೆ ಇಲ್ಲ. ಸಂಸ್ಕೃತ ನಾಟಕದ ತೆರೆಗೆ ಯವನಿಕಾ ಎಂಬ ಹೆಸರಿರುವುದನ್ನು ಹಿಡಿದುಕೊಂಡು, ಹತ್ತೊಂಬತ್ತನೆಯ ಶತಮಾನದ ಕೆಲವು ಜರ್ಮನ್ ಪಂಡಿತರು ಭಾರತದ ನಾಟಕಕ್ಕೇ ಗ್ರೀಕರು ಗುರುಗಳೆಂದು ವಾದಿಸಿದರು. ಆದರೆ ಪ್ರಾಚೀನ ಅಥೆನ್ಸಿನ ಬಯಲು ರಂಗಕ್ಕೆ ಅಂತಹ ಮುಂದಿನ ತೆರೆಯೇ ಇರಲಿಲ್ಲ. ಆ ಶಬ್ದಕ್ಕೆ ಜವನಿಕಾ ಎಂಬ ರೂಪವೂ ಇರುವುದರಿಂದ ವ್ಯುತ್ಪತ್ತಿಯೇ ಸಂದಿಗ್ಧ. ನಮ್ಮ ಕಂಪೆನಿಗಳ ಬಣ್ಣದ ಪರದೆಯ ಮೂಲ ಬೇರೆ. ಪೂರ್ವದಲ್ಲಿ ಪಾರಸಿಕ ದೇಶದಿಂದ ವಲಸೆ ಬಂದವರ ಸಂತತಿಯಾದ ಪಾರ್ಸಿಗಳು 1853ರಲ್ಲಿ ಮುಂಬಯಿಯಲ್ಲಿ ನಾಟಕ ಮಂಡಲಿಯನ್ನು ಕಟ್ಟಿದರು. ಇಂಗ್ಲೀಷರ ರಂಗದ ಕಟ್ಟುಪಾಡನ್ನೂ ಚಿತ್ರಿಸಿದ ಪರದೆಗಳನ್ನೂ ಅವರು ತೆಗೆದುಕೊಂಡರು. ಅವರಿಂದ ಮರಾಠಿಯವರೂ ಕನ್ನಡಿಗರೂ ಪಡೆದರು. ಗುಬ್ಬಿ ಕಂಪೆನಿಯ ರಂಗವೈಭವದಲ್ಲಿ ಈ ಕೊಳುಕೊಡೆಯ ಫಲವನ್ನು ಸಾವಿರಾರು ಜನ ಕಣ್ಣಾರೆ ಕಂಡರು. ಆನೆಕುದುರೆಗಳನ್ನೇ ರಂಗಕ್ಕೆ ತಂದ ಅದರ ‘ಕುರುಕ್ಷೇತ್ರ’ವು 1930ರ ದಶಕದಲ್ಲಿ ಮನೆಮಾತಾಯಿತು. ಇದು ಕಣ್ಣಿಗೆ ಬಂದ ವಿನಿಮಯ. ಒಳಗಿನ ವಿನಿಮಯವು ಬೇರೆ ದಾರಿಯಿಂದ ಬರಬೇಕಾಗಿತ್ತು.

ಆ ದಾರಿಯು ಇಂಗ್ಲೀಷು ವಿದ್ಯೆ. ಶ್ರೀಕಂಠಯ್ಯನವರು ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರು, ಮದರಾಸುಗಳಲ್ಲಿ ಓದಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲೀಷು ಸಾಹಿತ್ಯದ ಉಪಾಧ್ಯಾಯರಾದರು. ಇಂಗ್ಲೀಷನ್ನು ಬೋಧಿಸುವ ಕೆಲಸ, ಕನ್ನಡಕ್ಕಾಗಿ ಮರುಗುವ ಮನಸ್ಸು. ಆ ಕಾಲದಲ್ಲಿ ಇವೆರಡೂ ಒಬ್ಬರಲ್ಲಿಯೇ ಇರುವುದು ಅಪರೂಪ. ಕನ್ನಡನಾಡೇ ಆಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಒಬ್ಬ ಕನ್ನಡಿಗನು ಮತ್ತೊಬ್ಬ ಕನ್ನಡಿಗನನ್ನು ನೋಡಬೇಕಾದರೆ ಸಂಸ್ಥಾನದ ಎಲ್ಲೆಯನ್ನು ದಾಟಬೇಕಾಗಿತ್ತು. 1911ರಲ್ಲಿ ಅವರು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡಕ್ಕೆ ಹೋಗಿ, ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. 1928ರಲ್ಲಿ ನಿಜಾಮರ ರಾಜ್ಯದ ಕಲಬುರ್ಗಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮನೆಯೊಳಗಿನ ಗಡಿಗಳನ್ನು ಹೀಗೆ ಕಾಲ್ನಡೆಯಿಂದಲೂ ರೈಲಿನಿಂದಲೂ ದಾಟುತ್ತ, ಹೊರಗಿನ ಗಡಿಗಳನ್ನು ಲೇಖನಿಯಿಂದ ದಾಟಿದರು. 1926ರಲ್ಲಿ ಗ್ರಂಥರೂಪವಾಗಿ ನಿಂತ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕವಿತೆಗೆ ಹೊಸ ಛಂದಸ್ಸನ್ನೂ ಹೊಸ ಮಾತನ್ನೂ ಕೊಟ್ಟ ಸಂಗತಿಯು ಸರ್ವವಿದಿತ. ಅವರ ನಾಟಕಗಳು ಅಷ್ಟು ಸರ್ವವಿದಿತವಲ್ಲ. ಪ್ರಕೃತ ವಿಚಾರಕ್ಕೆ ಅವೇ ಮುಖ್ಯ.

ನಾಟಕಗಳು ಮೂರು: 1926ರ ‘ಗದಾಯುದ್ಧ ನಾಟಕಂ’, 1929ರ ‘ಅಶ್ವತ್ಥಾಮನ್’, 1935ರ ‘ಪಾರಸಿಕರು’. ಮೊದಲನೆಯದಕ್ಕೆ ಮೂಲ ಹತ್ತನೆಯ ಶತಮಾನದ ರನ್ನ. ಎರಡನೆಯದಕ್ಕೆ ಸಾಫೊಕ್ಲೀಸನ ‘ಏಜಾಕ್ಸ್’. ಮೂರನೆಯದಕ್ಕೆ ಈಸ್ಕಿಲಸನ ಆ 472ರ ನಾಟಕ. ಈ ಕ್ರಮವನ್ನು ಗಮನಿಸಬೇಕು. ಗ್ರೀಕರನ್ನು ತರಹೊರಟವರು ಗ್ರೀಕರಿಂದ ಆರಂಭಿಸಲಿಲ್ಲ. ಮುದುವೊಳಲ ರನ್ನನಿಂದ ಆರಂಭಿಸಿದರು. ರನ್ನನ ಕಾವ್ಯದ ನಾಯಕನು ಭೀಮನೆಂದು ಕವಿಯೇ ಹೇಳಿಕೊಂಡಿದ್ದರೂ, ಓದುವವರ ಎದೆಯಲ್ಲಿ ನಿಲ್ಲುವವನು ದುರ್ಯೋಧನ. ಹೆಣಗಳಿಂದ ತುಂಬಿದ ರಣರಂಗದಲ್ಲಿ ಅವನು ಒಬ್ಬನೇ ನಡೆಯುತ್ತಾನೆ. ದುಶ್ಶಾಸನನನ್ನೂ ಕರ್ಣನನ್ನೂ ತನ್ನ ಮಗನನ್ನೂ ಕಂಡು ಗೋಳಾಡುತ್ತಾನೆ. ನಡುವೆ ಅಭಿಮನ್ಯುವಿನ ಶವವನ್ನು ಕಂಡಾಗ, ಇವನು ವೈರಿಯ ಮಗನೆಂದು ಮುಖ ತಿರುಗಿಸದೆ, ಅಂತಹ ವೀರನನ್ನು ಹಡೆದವಳನ್ನು ಕೊಂಡಾಡುತ್ತಾನೆ. ಶತ್ರುವಿನ ಸಾವಿಗೆ ತಲೆಬಾಗುವ ಈ ಮನೋಧರ್ಮವು ನಮ್ಮಲ್ಲಿ ಮೊದಲೇ ಇತ್ತು. ಗ್ರೀಕರನ್ನು ಓದಿದ ಕಣ್ಣಿಗೆ ಅದು ಎದ್ದು ಕಂಡಿತು. ಪರದೇಶದ ಕಲೆಯಿಂದ ಆಗುವ ಮೊದಲ ಉಪಕಾರವು ಪ್ರಾಯಶಃ ಇದೇ. ನಮ್ಮ ಮನೆಯ ಮೂಲೆಯಲ್ಲಿ ಮಸಿಹಿಡಿದಿದ್ದ ದೀಪವನ್ನು ಅದು ನಮಗೆ ತೋರಿಸಿಕೊಡುವುದು.

ಎರಡನೆಯ ನಾಟಕದಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋದರು. ಸಾಫೊಕ್ಲೀಸನ ಏಜಾಕ್ಸನು ಟ್ರಾಯ್ ಯುದ್ಧದ ಮಹಾವೀರ. ಸತ್ತ ಅಕಿಲೀಸನ ಆಯುಧಗಳು ತನಗೆ ಸಲ್ಲದೆ ಒಡಿಸ್ಯೂಸನಿಗೆ ಸಂದುದರಿಂದ ಅವಮಾನಿತನಾಗಿ, ರಾತ್ರಿಯಲ್ಲಿ ತನ್ನವರನ್ನೇ ಕೊಲ್ಲಲು ಹೊರಡುತ್ತಾನೆ; ದೇವತೆಯು ಅವನ ಬುದ್ಧಿಯನ್ನು ಕೆಡಿಸಲಾಗಿ, ವೀರರೆಂದು ಭ್ರಮಿಸಿ ದನಕುರಿಗಳನ್ನು ಕಡಿಯುತ್ತಾನೆ. ನಾಟಕದ ಆರಂಭದಲ್ಲಿಯೇ ಆ ದೇವತೆಯು ಒಡಿಸ್ಯೂಸನನ್ನು ಕರೆದು, ಶತ್ರುವಿನ ಈ ಗತಿಯನ್ನು ನೋಡಿ ನಗುವುದಕ್ಕಿಂತ ಸವಿಯಾದ ನಗೆ ಉಂಟೇ ಎಂಬರ್ಥದ ಮಾತನ್ನಾಡುತ್ತಾಳೆ. ಒಡಿಸ್ಯೂಸನು ನಗುವುದಿಲ್ಲ, ಇವನ ಗತಿಯಲ್ಲಿ ತನ್ನ ಗತಿಯನ್ನೂ ಕಂಡು ಕನಿಕರಪಡುತ್ತಾನೆ. ಕೊನೆಗೆ ಏಜಾಕ್ಸನು ತನ್ನ ಖಡ್ಗದ ಮೇಲೆ ತಾನೇ ಬಿದ್ದು ಸತ್ತಾಗ, ಅವನ ಶವಕ್ಕೆ ಸಂಸ್ಕಾರ ಕೂಡದೆಂದು ಹಟ ಹಿಡಿದ ದೊರೆಗಳ ಎದುರಿನಲ್ಲಿ ಸಂಸ್ಕಾರಕ್ಕಾಗಿ ವಾದಿಸುವವನೂ ಆ ಒಡಿಸ್ಯೂಸನೇ. ಶ್ರೀಕಂಠಯ್ಯನವರು ಈ ಅಚ್ಚಿನಲ್ಲಿ, ಮಲಗಿದ್ದವರನ್ನು ಇರುಳಲ್ಲಿ ಕೊಂದ ಅಶ್ವತ್ಥಾಮನ ಕಥೆಯನ್ನು ಎರಕ ಹೊಯ್ದರು. ಕೋಪ, ಇರುಳ ಕೊಲೆ, ಹಗಲ ನಾಚಿಕೆ ಇವೆಲ್ಲವೂ ವ್ಯಾಸರಲ್ಲಿಯೇ ಇದ್ದುವು. ಅವುಗಳನ್ನು ಒಂದು ದಿನದ ಕ್ರಿಯೆಯಲ್ಲಿ ಬಿಗಿದು ನಿಲ್ಲಿಸುವ ವಿಧಾನವು ಅಥೆನ್ಸಿನದು.

ಇದಕ್ಕೆ ಆಕ್ಷೇಪಗಳಿಲ್ಲದಿರಲಿಲ್ಲ. ಪುರಾಣದ ಅಶ್ವತ್ಥಾಮನು ಚಿರಂಜೀವಿ. ಸಾವಿಲ್ಲದೆ ಅಲೆಯುವುದೇ ಅವನ ಶಾಪ. ಅವನು ‘ಅಶ್ವತ್ಥಾಮನ್’ ನಾಟಕದಲ್ಲಿ ಏಜಾಕ್ಸನಂತೆ ಪ್ರಾಣವನ್ನು ಬಿಡುವನು. ನಂಬಿಕೆಯ ಕಥೆಯನ್ನು ಪರದೇಶದ ಮಾದರಿಗೋಸ್ಕರ ತಿರುಗಿಸಬಹುದೇ ಎಂಬ ಪ್ರಶ್ನೆಯು ಸಹಜವಾದುದು; ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಕಥೆಯು ಕೇವಲ ಕವಿಯ ಸೊತ್ತಲ್ಲ. ಅದನ್ನು ಕೇಳಿ ಬೆಳೆದ ಅಜ್ಜಿಯರ, ಮಕ್ಕಳ ಸೊತ್ತೂ ಹೌದು. ರಂಗದ ಮೇಲೆ ಮರಣವೂ ದುಃಖಾಂತವೂ ಭಾರತೀಯ ಸಂಪ್ರದಾಯಕ್ಕೆ ವಿರುದ್ಧವೆಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರವು ತಿರುವನಂತಪುರದಿಂದ ಬಂದಿತ್ತು. ಅಲ್ಲಿ ಗಣಪತಿಶಾಸ್ತ್ರಿಗಳು 1912ರಿಂದ ಪ್ರಕಟಿಸಿದ ಭಾಸನ ನಾಟಕಗಳಲ್ಲಿ ‘ಊರುಭಂಗ’ವೂ ಒಂದು, ಅದರಲ್ಲಿ ತೊಡೆ ಮುರಿದ ದುರ್ಯೋಧನನು ರಂಗದ ಮೇಲೆಯೇ ಪ್ರಾಣ ಬಿಡುವನು. ಶಾಸ್ತ್ರಕಾರರ ನಿಷೇಧಕ್ಕಿಂತ ಕವಿಗಳ ಪ್ರಯೋಗವು ವಿಶಾಲವಾಗಿತ್ತೆಂಬುದಕ್ಕೆ ಬೇರೆ ನಿದರ್ಶನ ಬೇಡ. ಮೊದಲನೆಯ ಆಕ್ಷೇಪಕ್ಕೆ ಅಷ್ಟು ಪೂರ್ತಿಯಾದ ಸಮಾಧಾನ ದೊರೆಯುವುದಿಲ್ಲ. ಗಡಿಯನ್ನು ದಾಟುವವನು ಕೈಯಲ್ಲಿದ್ದುದನ್ನು ಸ್ವಲ್ಪ ಚೆಲ್ಲದೆ ದಾಟಲಾರನು. ಚೆಲ್ಲಿದುದಕ್ಕಿಂತ ತಂದುದು ಹೆಚ್ಚೇ ಎಂದು ಓದುಗರು ತೂಗಬೇಕು.

ಆರು ವರ್ಷಗಳ ಮೇಲೆ ಬಂದ ‘ಪಾರಸಿಕರು’ ನಾಟಕದಲ್ಲಿ ಇಂತಹ ಮಾರ್ಪಾಟಿಲ್ಲ. ಇಲ್ಲಿ ಕುರುಕ್ಷೇತ್ರದ ವೇಷವಿಲ್ಲ. ಸೂಸಾ ಸೂಸಾ ಆಗಿಯೇ, ಸಾಲಮಿಸ್ ಸಾಲಮಿಸ್ ಆಗಿಯೇ ಬಂದಿವೆ. ರನ್ನನಲ್ಲಿ ತನ್ನ ಮನೆಯ ದುಃಖ; ಅಶ್ವತ್ಥಾಮನಲ್ಲಿ ಪರರ ಅಚ್ಚಿನಲ್ಲಿ ತನ್ನ ದುಃಖ; ಪಾರಸಿಕರಲ್ಲಿ ಯಾವ ವೇಷವೂ ಇಲ್ಲದ ಪರರ ದುಃಖ. ಅದೂ ಇಮ್ಮಡಿ ಪರರದು: ಪಾರಸಿಕರ ಅಳಲನ್ನು ಗ್ರೀಕನು ಬರೆದನು, ಗ್ರೀಕನ ಬರಹವನ್ನು ಕನ್ನಡಿಗನು ಹಾಡಿದನು. ಆ ಆರು ವರ್ಷಗಳಲ್ಲಿ ಉಪ್ಪಿನ ಸತ್ಯಾಗ್ರಹವೂ ನಡೆದಿತ್ತು. ಭಾರತವು ತಾನೇ ಒಂದು ಸಾಮ್ರಾಜ್ಯದ ನೊಗದಡಿಯಲ್ಲಿತ್ತು. ಸಣ್ಣ ನಾಡೊಂದು ಮಹಾಸಾಮ್ರಾಜ್ಯವನ್ನು ತಡೆದ ಕಥೆಯಲ್ಲಿ ಆಗಿನ ಓದುಗರಿಗೆ ಹುರುಪುಗೊಳಿಸುವ ಅಂಶವು ಇದ್ದೇ ಇತ್ತು. ಆದರೆ ಹುರುಪಿನ ಜೊತೆಯಲ್ಲಿಯೇ ಆ ನಾಟಕವು ಮತ್ತೊಂದನ್ನೂ ಕೊಡುವುದು: ನೊಗವನ್ನು ಹೊರಿಸಿದವನಿಗೂ ಒಬ್ಬ ತಾಯಿಯಿರುತ್ತಾಳೆಂಬ ನೆನಪನ್ನು.

ಈ ನಾಟಕಗಳ ಪ್ರಭಾವವು ಸಾಹಿತ್ಯದಲ್ಲಿ ಬೇಗನೆ ಹರಡಿತು. ರುದ್ರನಾಟಕವೆಂಬ ಹೆಸರು ಕನ್ನಡದಲ್ಲಿ ಬೇರೂರಿತು. 1931ರಲ್ಲಿ ಕುವೆಂಪುರವರ ‘ಶ್ಮಶಾನ ಕುರುಕ್ಷೇತ್ರಂ’ ಹೊರಬಂದಿತು. 1946ರಲ್ಲಿ ಶ್ರೀಕಂಠಯ್ಯನವರು ತೀರಿಕೊಂಡರು. ಅವರ ಮುಂದಿನ ತಲೆಮಾರಿನಲ್ಲಿ ಪಿ. ಲಂಕೇಶರು ಸಾಫೊಕ್ಲೀಸನ ಈಡಿಪಸನನ್ನೂ ಅಂತಿಗೊನೆಯನ್ನೂ ಬಳಕೆಯ ಕನ್ನಡಕ್ಕೆ ತಂದರು. ಕೊಳುಕೊಡೆಯು ಹಿಮ್ಮುಖವಾಗಿಯೂ ಹರಿಯಿತು. ಕಥಾಸರಿತ್ಸಾಗರದ ತಲೆಗಳು ಅದಲುಬದಲಾದ ಕಥೆಯನ್ನು ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್ 1940ರಲ್ಲಿ ತನ್ನ ರೀತಿಯಲ್ಲಿ ಬರೆದನು, ಗಿರೀಶ ಕಾರ್ನಾಡರು ಅವೆರಡನ್ನೂ ನೋಡಿ 1971ರಲ್ಲಿ ‘ಹಯವದನ’ವನ್ನು ಪ್ರಕಟಿಸಿದರು, ಆ ನಾಟಕವು 1984ರಲ್ಲಿ ಜರ್ಮನಿಯ ವೈಮಾರ್ ನಗರದ ರಂಗದ ಮೇಲೆ ಜರ್ಮನ್ ಭಾಷೆಯಲ್ಲಿಯೇ ನಡೆಯಿತು. ಸಾವಿರದ ಎಂಟುನೂರು ವರ್ಷಗಳ ಹಿಂದೆ ಈಜಿಪ್ಟಿನ ರಂಗದಲ್ಲಿ ನಗೆಯ ಶಬ್ದವಾಗಿ ಕೇಳಿಸಿದ್ದಿರಬಹುದಾದ ನುಡಿಯು, ಈ ಸಲ ಅರ್ಥವುಳ್ಳ ಮಾತಾಗಿ ಪರದೇಶದ ರಂಗವನ್ನು ಏರಿತು.

ಆದರೂ ಒಂದು ಕೊರತೆಯನ್ನು ಹೇಳದೆ ಬಿಡುವುದು ಪ್ರಾಮಾಣಿಕವಾಗದು. 1884ರಲ್ಲಿ ಒಂದೇ ಸೀಮೆಯಲ್ಲಿ ಹುಟ್ಟಿದ ಆ ಎರಡು ಶಕ್ತಿಗಳು ರಂಗದ ಮೇಲೆ ಕೈಹಿಡಿದು ನಡೆಯಲಿಲ್ಲ. ಶ್ರೀಕಂಠಯ್ಯನವರ ನಾಟಕಗಳ ಭಾಷೆ ಹಳಗನ್ನಡದ ಬಿಗುಪಿನದು. ಕಾಲೇಜುಗಳಲ್ಲಿಯೂ ಪಂಡಿತರ ಮನೆಗಳಲ್ಲಿಯೂ ಅವು ಓದಿಸಿಕೊಂಡುವು. ಕಂಪೆನಿಯ ನಾಟಕಗಳಂತೆ ಜನಪ್ರಿಯವಾಗಲಿಲ್ಲ. ಗ್ರೀಕರ ರಂಗಕ್ಕೆ ಪಂಡಿತನೂ ಬಂದನು, ಹುಟ್ಟುಹಾಕುವವನೂ ಬಂದನು. ಅದರ ಬಲವೇ ಅದಾಗಿತ್ತು. ಆ ರೂಪವು ಕನ್ನಡಕ್ಕೆ ಬಂದಾಗ ರೂಪವು ಬಂದಿತು, ಆ ಸಭೆಯು ಬರಲಿಲ್ಲ.

ಸಭೆಯು ಬೇರೆ ಎಲ್ಲಿಯೂ ಇರಲಿಲ್ಲವೆಂದು ಮಾತ್ರ ತಿಳಿಯಬಾರದು. ಅಮೃತೂರು, ತುರುವೇಕೆರೆ, ನಾಗಮಂಗಲಗಳ ಈ ಸೀಮೆಯು ಮೂಡಲಪಾಯ ಯಕ್ಷಗಾನದ ನೆಲೆ. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ರಂಗವನ್ನು ಕಟ್ಟಿ, ಭಾಗವತನೂ ಹಿಮ್ಮೇಳದವರೂ ಕಥೆಯನ್ನು ಹಾಡಿನಲ್ಲಿ ನಡೆಸುವಾಗ, ಊರಿಗೆ ಊರೇ ನೆರೆದು ಬೆಳಗಿನವರೆಗೆ ಕುಳಿತಿರುವುದು ಇಲ್ಲಿಯ ಹಳೆಯ ಪದ್ಧತಿ. ಬಯಲು, ಮೇಳ, ಎಲ್ಲರೂ ಬಲ್ಲ ಕಥೆ, ಇಡೀ ಊರಿನ ಸಭೆ. ಅಥೆನ್ಸಿನವರು ಬಂದು ನೋಡಿದ್ದರೆ ಅವರಿಗೆ ಇದು ಅಪರಿಚಿತವೆನಿಸುತ್ತಿರಲಿಲ್ಲ. ಕಂಪೆನಿಗಳ ಕಾಲದ ಬಳಿಕ ಅದೇ ಊರುಗಳಲ್ಲಿ ‘ಕುರುಕ್ಷೇತ್ರ’ವು ಹಬ್ಬದಂತೆ ನೆಲೆಯೂರಿತು, ಇಂದಿಗೂ ಗ್ರಾಮಸ್ಥರು ಕೈಯಿಂದ ಹಣವಿಟ್ಟು ಪಾತ್ರಗಳನ್ನು ಪಡೆದು ಅದನ್ನು ಆಡುವರು. ಆ ಪಾತ್ರಗಳಲ್ಲಿ ದುರ್ಯೋಧನನದಕ್ಕೆ ಬಹು ಬೇಡಿಕೆ. ಧರ್ಮದ ಪಕ್ಷದವನಲ್ಲ, ಸೋಲುವವನು, ಕಡೆಯ ಅಂಕದಲ್ಲಿ ತೊಡೆ ಮುರಿದು ಮಣ್ಣಿಗೆ ಬೀಳುವವನು. ಆದರೂ ಅವನಾಗಬೇಕೆಂದು ಒಕ್ಕಲಿನ ಮಗನೊಬ್ಬನು ಹಂಬಲಿಸಿ, ತಿಂಗಳುಗಟ್ಟಲೆ ಕಂದಪದ್ಯಗಳನ್ನು ಬಾಯಿಪಾಠ ಮಾಡುವನು.

ಸಂಪಿಗೆಯಲ್ಲಿ ಹುಟ್ಟಿದ ಕವಿಯು ಅಥೆನ್ಸಿನವರೆಗೆ ಹೋಗಿ ಹುಡುಕಿದ ವಸ್ತುವು ಅವನ ಊರಿನ ಬಯಲಿನಲ್ಲಿಯೂ ಇತ್ತು. ಹಾಗೆಂದು ಆ ಪ್ರಯಾಣವು ವ್ಯರ್ಥವಾಗಲಿಲ್ಲ. ಅದನ್ನು ಮಾಡಿದುದರಿಂದಲೇ ಸೂಸಾ ನಗರದ ರಾಜಮಾತೆಯ ಅಳಲು ಕನ್ನಡದಲ್ಲಿ ಕೇಳಿಸಿತು. ಸಂಪಿಗೆಯ ಸುತ್ತಣ ಹಳ್ಳಿಗಳಲ್ಲಿ ಆಟದ ರಾತ್ರಿ ಮುಗಿಯುತ್ತ ಬಂದು, ಮೂಡಲು ಬೆಳಗಾಗುವ ಹೊತ್ತಿಗೆ ದುರ್ಯೋಧನನು ಬೀಳುವನು. ಆಗ ಸಭೆಯಲ್ಲಿ ಯಾರೂ ನಗುವುದಿಲ್ಲ.